ಗೆರೆ ಕಾಯುವ ಕಣ್ಣು

ಬೆಳಗಿನ ಜಾವ ನಾಲ್ಕು ಗಂಟೆಗೆ ಶೃಂಗೇರಿಯಿಂದ ಊರಿಗೆ ಹೊರಟ ಕಾರೊಂದನ್ನು ಕಲ್ಪಿಸಿಕೊಳ್ಳಿ. ಹಿಂದಿನ ದಿನವೆಲ್ಲ ಪ್ರಯಾಣ, ರಾತ್ರಿ ಅರೆನಿದ್ದೆ. ಮನೆಮಂದಿ ಹಿಂದಿನ ಸೀಟಿನಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ಮಲಗಿದ್ದಾರೆ. ಎಚ್ಚರವಾಗಿರಬೇಕಾದವನು ಚಾಲಕನೊಬ್ಬನೇ; ಅವನ ರೆಪ್ಪೆಗಳೂ ಭಾರವಾಗಿವೆ. ನಮ್ಮ ದೇಹದೊಳಗಿನ ಗಡಿಯಾರವು ನಿದ್ರೆಯನ್ನು ಅತ್ಯಂತ ಬಲವಾಗಿ ಬೇಡುವುದು ನಡುರಾತ್ರಿ ಕಳೆದು ಎರಡರಿಂದ ಬೆಳಗಿನ ಆರರವರೆಗಿನ ಈ ಹೊತ್ತಿನಲ್ಲೇ. ಕಣ್ಣು ಪೂರ್ತಿ ಮುಚ್ಚಬೇಕೆಂದೇನೂ ಇಲ್ಲ. ಎರಡು ಸೆಕೆಂಡುಗಳ ಜೊಂಪು ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಎರಡು ಸೆಕೆಂಡಿಗೆ 33 ಮೀಟರ್. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿಯೆಂದು ಹಿಡಿದರೆ, ಹನ್ನೆರಡು ಮರಗಳ ಸಾಲಿನಷ್ಟು ದೂರವನ್ನು ಆ ಕಾರು ಕುರುಡಾಗಿ ದಾಟಿತೆಂದಾಯಿತು.

ಇಂಥ ಹೊತ್ತಿನಲ್ಲಿ ಚಾಲಕನ ಪಕ್ಕದಲ್ಲಿ ಕುಳಿತು ಅವನ ತೋಳು ತಟ್ಟುವ ಸಂಗಾತಿಯೊಬ್ಬ ಬೇಕು. ಈಚಿನ ಕಾರುಗಳಲ್ಲಿ ಆ ಕೆಲಸವನ್ನು ಒಂದು ಯಂತ್ರಕ್ಕೆ ವಹಿಸಿರುತ್ತಾರೆ. ಮಾರುವವರು ಅದನ್ನು ‘ಲೇನ್ ಡಿಪಾರ್ಚರ್ ವಾರ್ನಿಂಗ್’ ಎನ್ನುತ್ತಾರೆ. ನಾವು ಅದನ್ನು ಪಥಚ್ಯುತಿ ಸೂಚಕವೆಂದು ಕರೆಯೋಣ. ಕಾರು ತನ್ನ ಪಥದ ಗೆರೆಯತ್ತ ಜಾರತೊಡಗಿದಾಗ ಅದು ಕೂಗುತ್ತದೆ, ಇಲ್ಲವೇ ಸ್ಟಿಯರಿಂಗ್ ಚಕ್ರವನ್ನು ಚಾಲಕನ ಅಂಗೈಯಲ್ಲಿ ನಡುಗಿಸುತ್ತದೆ. ಹೆಸರಿಗೆ ತಕ್ಕಂತೆ ಅದು ಸೂಚಕ ಮಾತ್ರ. ಚಕ್ರವನ್ನು ತಾನೇ ತಿರುಗಿಸಿ ಕಾರನ್ನು ಮರಳಿ ಪಥಕ್ಕೆ ತರುವ ಉಪಕರಣವೂ ಉಂಟು. ಆದರೆ ಎರಡಕ್ಕೂ ಕಣ್ಣು ಒಂದೇ. ಆ ಕಣ್ಣಿನ ವಿಚಾರವೇ ಈ ಲೇಖನದ ವಸ್ತು. ಮೊದಲೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು: ಈ ಕಣ್ಣು ಮೂಲತಃ ರಸ್ತೆಯನ್ನು ನೋಡುವುದಿಲ್ಲ, ರಸ್ತೆಯ ಮೇಲೆ ಬಳಿದ ಬಣ್ಣವನ್ನು ನೋಡುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ದಾರಿಯಲ್ಲಿ ಈ ಭೇದವು ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯುತ್ತದೆ.

ರಸ್ತೆಯ ಮೇಲೆ ಗೆರೆ ಎಳೆಯುವ ಪದ್ಧತಿಯೇ ನೂರು ವರ್ಷಗಳಿಗಿಂತ ಸ್ವಲ್ಪ ಹಳೆಯದು. ಅಮೆರಿಕದ ಮಿಷಿಗನ್ ಸಂಸ್ಥಾನದ ವೇಯ್ನ್ ಕೌಂಟಿಯಲ್ಲಿ ರಸ್ತೆಗಳ ಮೇಲ್ವಿಚಾರಣೆ ನೋಡುತ್ತಿದ್ದ ಎಡ್ವರ್ಡ್ ಹೈನ್ಸ್ 1911ರಲ್ಲಿ ರಸ್ತೆಯ ನಡುವೆ ಬಿಳಿಯ ಗೆರೆ ಹಾಕಿಸಿದನು. ಸೋರುತ್ತಿದ್ದ ಹಾಲಿನ ಗಾಡಿಯೊಂದು ಹಾದಿಯುದ್ದಕ್ಕೂ ಬಿಟ್ಟುಹೋದ ಬಿಳಿ ಜಾಡನ್ನು ಕಂಡು ಈ ಯೋಚನೆ ಅವನಿಗೆ ಬಂದಿತೆಂದು ಹೇಳುವುದುಂಟು. 1917ರಲ್ಲಿ ಕ್ಯಾಲಿಫೋರ್ನಿಯದ ವೈದ್ಯೆ ಜೂನ್ ಮೆಕ್ಯಾರಲ್ ತನ್ನ ಊರಿನ ರಸ್ತೆಯಲ್ಲಿ ಇದೇ ಬಗೆಯ ಗೆರೆಯನ್ನು ತಾನೇ ಬಳಿದಳು. ನಡುಗೆರೆಯ ಕಥೆ ಇಷ್ಟು. ಅಂಚಿನ ಗೆರೆ ಬರಬೇಕಾದರೆ 1950ರ ದಶಕವಾಗಬೇಕಾಯಿತು. ಗಣಿಗಾರಿಕೆಯ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದ ಜಾನ್ ಡಾರ್ ಎಂಬಾತನು ಒಂದು ಸಂಗತಿಯನ್ನು ಗಮನಿಸಿದನು: ರಾತ್ರಿಯಲ್ಲಿ, ಮಂಜಿನಲ್ಲಿ, ಮಳೆಯಲ್ಲಿ ಚಾಲಕರು ಕಾಣುವ ಒಂದೇ ಗೆರೆಯಾದ ನಡುಗೆರೆಗೆ ಅಂಟಿಕೊಂಡೇ ಓಡಿಸುತ್ತಾರೆ, ಎದುರಿನವನೂ ಹಾಗೆಯೇ ಮಾಡುತ್ತಾನೆ. ಹಾಗಾದರೆ ಹೊರ ಅಂಚಿಗೂ ಒಂದು ಗೆರೆ ಹಾಕಿರೆಂದು ಅವನು ಒತ್ತಾಯಿಸಿದನು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಪರ್ಸಿ ಷಾ 1934ರಲ್ಲಿ ಪೇಟೆಂಟ್ ಮಾಡಿದ ‘ಬೆಕ್ಕಿನ ಕಣ್ಣು’ ಇದಕ್ಕಿಂತ ಹಿಂದಿನದು. ರಸ್ತೆಯಲ್ಲಿ ಹುಗಿದ ಗಾಜಿನ ಗೋಲಿಗಳು ಗಾಡಿಯ ದೀಪವನ್ನು ಚಾಲಕನ ಕಡೆಗೇ ಹಿಂದಿರುಗಿಸುತ್ತವೆ. ಚಕ್ರವು ಅದರ ಮೇಲೆ ಹಾಯ್ದಾಗ ಕೆಳಗಿನ ಕುಳಿಯಲ್ಲಿ ನಿಂತ ಮಳೆನೀರೇ ಗಾಜನ್ನು ತೊಳೆಯುವಂತೆ ಅದನ್ನು ರಚಿಸಿದ್ದನು. ಮಳೆಯ ನಾಡಿನವನಿಗಷ್ಟೇ ಹೊಳೆಯಬಹುದಾದ ಉಪಾಯ!

ನಮ್ಮ ದೇಶದಲ್ಲಿ 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು ರಸ್ತೆಗುರುತುಗಳಿಗೆ ನಿಯಮಸಂಹಿತೆಯೊಂದನ್ನು ಗೊತ್ತುಪಡಿಸಿದೆ. ಗೆರೆಯ ಅಗಲ, ತುಂಡುಗೆರೆಯ ಉದ್ದ, ನಡುವಣ ಅಂತರ ಎಲ್ಲವೂ ಅದರಲ್ಲಿ ನಿಗದಿಯಾಗಿವೆ. ಈ ಕಟ್ಟುನಿಟ್ಟು ಮನುಷ್ಯರ ಕಣ್ಣಿಗಾಗಿ ಹುಟ್ಟಿದ್ದು. ಯಂತ್ರದ ಕಣ್ಣು ಈಗ ಅದರ ಮೇಲೆಯೇ ಬದುಕುತ್ತಿದೆ.

ಕಾರಿನ ಮುಂಗಾಜಿನ ಒಳಗಡೆ, ನಡುಗನ್ನಡಿಯ ಹಿಂದೆ, ಬೆಂಕಿಪೊಟ್ಟಣದಷ್ಟಿರುವ ಒಂದು ಕ್ಯಾಮರಾ ಮುಂದಕ್ಕೆ ದಿಟ್ಟಿಸಿ ಕುಳಿತಿರುತ್ತದೆ. ಅದು ಸೆಕೆಂಡಿಗೆ ಹತ್ತಾರು ಚಿತ್ರಗಳನ್ನು ತೆಗೆಯುತ್ತದೆ. ಪ್ರತಿಯೊಂದು ಚಿತ್ರವೂ ಪಿಕ್ಸೆಲ್ ಎಂಬ ಲಕ್ಷಗಟ್ಟಲೆ ಚಿತ್ರಬಿಂದುಗಳ ಒಂದು ಚೌಕುಳಿ. ಪ್ರತಿಯೊಂದು ಬಿಂದುವಿಗೂ ಅದರ ಹೊಳಪನ್ನು ತಿಳಿಸುವ ಒಂದು ಅಂಕಿ. ಕಪ್ಪಾದ ಡಾಂಬರಿಗೆ ಸಣ್ಣ ಅಂಕಿ, ಬಿಳಿಯ ಗೆರೆಗೆ ದೊಡ್ಡ ಅಂಕಿ. ಯಂತ್ರದ ಗಣಕವು ಸಾಲಿನುದ್ದಕ್ಕೂ ಪಕ್ಕಪಕ್ಕದ ಅಂಕಿಗಳನ್ನು ಕಳೆಯುತ್ತ ಹೋಗುತ್ತದೆ. ಡಾಂಬರಿನ ಮೇಲೆ ವ್ಯತ್ಯಾಸವು ಸೊನ್ನೆಗೆ ಹತ್ತಿರ. ಗೆರೆಯ ಎಡ ಅಂಚಿಗೆ ಬಂದೊಡನೆ ಅಂಕಿ ಹಠಾತ್ತನೆ ಏರುತ್ತದೆ, ಬಲ ಅಂಚಿನಲ್ಲಿ ಹಠಾತ್ತನೆ ಇಳಿಯುತ್ತದೆ. ಹೀಗೆ ಏರಿ ಇಳಿದ ಜಾಗಗಳನ್ನೆಲ್ಲ ಅದು ಗುರುತಿಟ್ಟುಕೊಳ್ಳುತ್ತದೆ.

ಆದರೆ ರಸ್ತೆಯಲ್ಲಿ ಬೆಳ್ಳಗಿರುವುದೆಲ್ಲ ಗೆರೆಯಲ್ಲ. ಕಾಗದದ ಚೂರು, ಸುಣ್ಣ ಬಳಿದ ಕಾವಲುಗಲ್ಲು, ನೀರಿನ ಹೊಳಪು ಇವೂ ಅಂಚುಗಳನ್ನು ಕೊಡುತ್ತವೆ. ಈ ಗೊಂದಲದಿಂದ ಸರಳರೇಖೆಯನ್ನು ಹೆಕ್ಕಿ ತೆಗೆಯುವ ಒಂದು ಸೊಗಸಾದ ಉಪಾಯಕ್ಕೆ 1962ರಲ್ಲಿ ಪಾಲ್ ಹಫ್ ಎಂಬ ಅಮೆರಿಕನ್ ಭೌತವಿಜ್ಞಾನಿ ಪೇಟೆಂಟ್ ಪಡೆದನು. ಅವನಿಗೆ ಕಾರಿನ ಯೋಚನೆಯೇ ಇರಲಿಲ್ಲ. ಗುಳ್ಳೆಕೋಣೆಯ ಛಾಯಾಚಿತ್ರಗಳಲ್ಲಿ ಪರಮಾಣು ಕಣಗಳು ಬಿಟ್ಟ ಜಾಡನ್ನು ಹುಡುಕುವುದು ಅವನ ಕೆಲಸವಾಗಿತ್ತು. ಉಪಾಯವು ಚುನಾವಣೆಯನ್ನು ಹೋಲುತ್ತದೆ. ಒಂದು ಬಿಂದುವಿನ ಮೂಲಕ ಲೆಕ್ಕವಿಲ್ಲದಷ್ಟು ರೇಖೆಗಳು ಹಾಯಬಹುದು. ಆ ಬಿಂದುವು ಅವೆಲ್ಲಕ್ಕೂ ಒಂದೊಂದು ಮತ ಹಾಕುತ್ತದೆ. ಗುರುತಿಟ್ಟ ಬಿಂದುಗಳೆಲ್ಲವೂ ಹೀಗೆ ಮತ ಹಾಕಿದ ಮೇಲೆ ಎಣಿಕೆ. ಚೆಲ್ಲಾಪಿಲ್ಲಿಯಾದ ಬಿಂದುಗಳ ಮತಗಳು ಹಂಚಿ ಹೋಗುತ್ತವೆ. ಒಂದೇ ಗೆರೆಯ ಮೇಲಿರುವ ನೂರು ಬಿಂದುಗಳ ಮತಗಳಾದರೋ ಒಂದೇ ರೇಖೆಗೆ ಬೀಳುತ್ತವೆ. ತುಂಡುತುಂಡಾದ ಗೆರೆಯೂ, ಅಲ್ಲಲ್ಲಿ ಸವೆದ ಗೆರೆಯೂ ಈ ಎಣಿಕೆಯಲ್ಲಿ ಗೆಲ್ಲಬಲ್ಲವು. ಉಪಾಯದ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ಇನ್ನು ಚಿತ್ರದಲ್ಲಿ ಕಂಡ ಗೆರೆಯನ್ನು ನೆಲದ ಮೇಲಿನ ದೂರಕ್ಕೆ ತರ್ಜುಮೆ ಮಾಡಬೇಕು. ಅಡಿಕೆ ತೋಟದ ಎರಡು ಸಾಲುಗಳ ನಡುವೆ ನಿಂತು ನೋಡಿದರೆ ಸಾಲುಗಳು ದೂರದಲ್ಲಿ ಒಂದನ್ನೊಂದು ಮುಟ್ಟುವಂತೆ ತೋರುವುದನ್ನು ನೀವು ಕಂಡೇ ಇರುತ್ತೀರಿ. ಸಾಲುಗಳು ಕೂಡುವುದಿಲ್ಲವೆಂದು ನಮ್ಮ ಬುದ್ಧಿ ಬಲ್ಲುದು. ಗಣಕಕ್ಕೆ ಅದನ್ನು ರೇಖಾಗಣಿತದ ಮೂಲಕ ಹೇಳಿಕೊಡಬೇಕು. ಕ್ಯಾಮರಾ ನೆಲದಿಂದ 1.2 ಮೀಟರ್ ಎತ್ತರದಲ್ಲಿದೆಯೆನ್ನಿ. ಅದರ ಮಸೂರದ ನಾಭಿದೂರ ಸಾವಿರ ಚಿತ್ರಬಿಂದುಗಳಿಗೆ ಸಮವೆನ್ನಿ. ಆಗ ಸಮರೂಪ ತ್ರಿಭುಜಗಳ ನಿಯಮದಂತೆ, 10 ಮೀಟರ್ ದೂರದ ನೆಲವು ಚಿತ್ರದಲ್ಲಿ ದಿಗಂತದ ಕೆಳಗೆ 120ನೆಯ ಸಾಲಿನಲ್ಲಿ ಬೀಳುತ್ತದೆ. 20 ಮೀಟರಿನದು 60ನೆಯ ಸಾಲಿನಲ್ಲಿ. 40 ಮೀಟರಿನದು 30ನೆಯ ಸಾಲಿನಲ್ಲಿ. ಹತ್ತು ಸೆಂಟಿಮೀಟರ್ ಅಗಲದ ಗೆರೆಯು 10 ಮೀಟರ್ ದೂರದಲ್ಲಿ ಹತ್ತು ಬಿಂದುಗಳಷ್ಟು ಅಗಲವಾಗಿದ್ದರೆ, 40 ಮೀಟರ್ ದೂರದಲ್ಲಿ ಎರಡೂವರೆ ಬಿಂದುಗಳಷ್ಟೇ. ದೂರ ಹೋದಂತೆ ಸಾಕ್ಷ್ಯವು ತೆಳ್ಳಗಾಗುತ್ತದೆಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಈ ಲೆಕ್ಕವೆಲ್ಲ ಕ್ಯಾಮರಾ ಯಾವ ದಿಕ್ಕಿಗೆ ನೋಡುತ್ತಿದೆಯೆಂಬುದು ಸರಿಯಾಗಿ ತಿಳಿದಿದ್ದರೆ ಮಾತ್ರ ನಿಜ. ಅದು ಒಂದೇ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದ್ದರೂ 30 ಮೀಟರ್ ದೂರದ ಗೆರೆಯ ಸ್ಥಾನವು ಅರ್ಧ ಮೀಟರಿಗಿಂತ ಹೆಚ್ಚು ತಪ್ಪಾಗುತ್ತದೆ. ಕಲ್ಲು ಸಿಡಿದು ಒಡೆದ ಮುಂಗಾಜನ್ನು ಬದಲಿಸಿದ ಮೇಲೆ ಕ್ಯಾಮರಾವನ್ನು ಮತ್ತೆ ಗುರಿ ಹಿಡಿಸಬೇಕೆಂದು ತಯಾರಕರು ಹೇಳುವುದು ಇದಕ್ಕಾಗಿಯೇ. ಗಾಜು ಕೂರಿಸಿ ಕೈತೊಳೆದುಕೊಳ್ಳುವ ವಾಡಿಕೆ ಇಲ್ಲಿ ನಡೆಯದು.

ಒಂದು ಚಿತ್ರದಲ್ಲಿ ಗೆರೆ ಕಂಡು ಇನ್ನೊಂದರಲ್ಲಿ ಮರೆಯಾದರೆ ಏನು ಗತಿ? ಇದಕ್ಕೆ ಉತ್ತರವನ್ನು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟಿದ್ದನು. ಅವನ ಗಣಿತವಿಧಾನವು ‘ಈ ಹಿಂದೆ ಗೆರೆ ಇಲ್ಲಿತ್ತು, ಕಾರು ಇಷ್ಟು ಸಾಗಿದೆ, ಆದ್ದರಿಂದ ಈಗ ಅದು ಇಲ್ಲಿರಬೇಕು’ ಎಂದು ಊಹಿಸಿ, ಹೊಸದಾಗಿ ಕಂಡದ್ದರೊಡನೆ ಆ ಊಹೆಯನ್ನು ತೂಗಿ ನೋಡುತ್ತದೆ. ಕಂಡದ್ದು ಸ್ಪಷ್ಟವಾಗಿದ್ದರೆ ಅದಕ್ಕೆ ಹೆಚ್ಚು ತೂಕ. ಮಸುಕಾಗಿದ್ದರೆ ಊಹೆಗೆ ಹೆಚ್ಚು ತೂಕ. ಚಂದ್ರನಿಗೆ ಹೋದ ಅಪೊಲೊ ನೌಕೆಗಳು ದಾರಿ ಹಿಡಿದದ್ದೂ ಇದೇ ವಿಧಾನದ ನೆರವಿನಿಂದ. ಕೆಲವು ಮೀಟರುಗಳಷ್ಟು ಗೆರೆ ಅಳಿಸಿಹೋಗಿದ್ದರೂ ಯಂತ್ರವು ಎದೆಗುಂದದಿರುವುದಕ್ಕೆ ಇದು ಕಾರಣ. ಆದರೆ ಊಹೆಗೂ ಆಯುಷ್ಯವುಂಟು. ಎರಡು ಮೂರು ಸೆಕೆಂಡು ಏನೂ ಕಾಣದಿದ್ದರೆ ಅದು ಕೈಚೆಲ್ಲಬೇಕಾಗುತ್ತದೆ.

ಗೆರೆ ಎಲ್ಲಿದೆಯೆಂದು ತಿಳಿದ ಮೇಲೆ ಕೂಗುವುದು ಯಾವಾಗ? ಚಕ್ರವು ಗೆರೆಯನ್ನು ಮುಟ್ಟಿದ ಮೇಲೆ ಕೂಗಿದರೆ ತಡವಾಯಿತು. ಬಹಳ ಮುಂಚೆ ಕೂಗಿದರೆ ಚಾಲಕನು ಬೇಸತ್ತು ಯಂತ್ರವನ್ನೇ ಆರಿಸಿಬಿಡುತ್ತಾನೆ. ಆದ್ದರಿಂದ ಯಂತ್ರವು ‘ಇನ್ನೆಷ್ಟು ಸೆಕೆಂಡಿಗೆ ಗೆರೆ ದಾಟುತ್ತದೆ’ ಎಂಬುದನ್ನು ಲೆಕ್ಕ ಹಾಕುತ್ತಿರುತ್ತದೆ. ಲೆಕ್ಕವನ್ನು ನೀವೂ ಮಾಡಬಹುದು. ಎರಡು ಪಥಗಳ ರಸ್ತೆಯಲ್ಲಿ ಒಂದು ಪಥದ ಅಗಲ 3.5 ಮೀಟರ್; ಕಾರಿನ ಅಗಲ 1.8 ಮೀಟರ್. ನಡುವೆ ನೇರವಾಗಿ ಓಡುತ್ತಿದ್ದರೆ ಎರಡೂ ಕಡೆ 85 ಸೆಂಟಿಮೀಟರ್ ಎಡೆಯಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿ ಒಂದು ಡಿಗ್ರಿ ತಿರುಗಿದರೆ ಅದು ಸೆಕೆಂಡಿಗೆ 29 ಸೆಂಟಿಮೀಟರಿನಂತೆ ಪಕ್ಕಕ್ಕೆ ಜಾರುತ್ತದೆ, ಮೂರು ಸೆಕೆಂಡಿಗೆ ಗೆರೆ ಮುಟ್ಟುತ್ತದೆ. ಎರಡು ಡಿಗ್ರಿ ತಿರುಗಿದರೆ ಒಂದೂವರೆ ಸೆಕೆಂಡು. ಬೆಚ್ಚಿ ಎದ್ದವನು ವಿಷಯವನ್ನರಿತು ಚಕ್ರ ತಿರುಗಿಸುವುದಕ್ಕೆ ಒಂದು ಸೆಕೆಂಡಾದರೂ ಬೇಕು. ಯಂತ್ರಕ್ಕೆ ಮಾತನಾಡಲು ಉಳಿಯುವ ಅವಕಾಶ ಎಷ್ಟೆಂಬುದನ್ನು ಊಹಿಸಿಕೊಳ್ಳಿ.

ಚಾಲಕನು ಇಂಡಿಕೇಟರ್ ಹಾಕಿ ಗೆರೆ ದಾಟಿದರೆ ಯಂತ್ರವು ಸುಮ್ಮನಿರುತ್ತದೆ; ಅದು ಅವನ ಇಚ್ಛೆಯೆಂದು ತಿಳಿಯುತ್ತದೆ. ನಿಧಾನವಾಗಿ ಓಡುವಾಗಲೂ ಸುಮ್ಮನಿರುತ್ತದೆ. ಹಲವು ಕಾರುಗಳಲ್ಲಿ ವೇಗವು ಗಂಟೆಗೆ 60 ಕಿಲೋಮೀಟರಿನ ಆಸುಪಾಸಿಗೆ ಏರಿದ ಮೇಲೆಯೇ ಅದು ಎಚ್ಚರಗೊಳ್ಳುವುದು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ.

ಕ್ಯಾಮರಾದ ಸಹಾಯದಿಂದ ಗಾಡಿಯನ್ನು ಪಥದಲ್ಲಿ ನಡೆಸಬಹುದೆಂದು ಮೊದಲು ಮನಗಾಣಿಸಿದವರಲ್ಲಿ ಜರ್ಮನಿಯ ಎರ್ನ್ಸ್ಟ್ ಡಿಕ್‌ಮನ್ಸ್ ಮುಖ್ಯನು. ಮ್ಯೂನಿಕ್ಕಿನ ಸೈನಿಕ ವಿಶ್ವವಿದ್ಯಾಲಯದ ಅವನ ತಂಡವು 1987ರಲ್ಲಿ ಐದು ಟನ್ ತೂಕದ ವ್ಯಾನೊಂದನ್ನು, ಇನ್ನೂ ಸಂಚಾರಕ್ಕೆ ತೆರೆಯದಿದ್ದ ಹೆದ್ದಾರಿಯ ಮೇಲೆ, ಗಂಟೆಗೆ 96 ಕಿಲೋಮೀಟರಿನವರೆಗಿನ ವೇಗದಲ್ಲಿ ಓಡಿಸಿತು. 2000ದಲ್ಲಿ ಯುರೋಪಿನ ಮರ್ಸಿಡಿಸ್ ಆಕ್ಟ್ರೋಸ್ ಲಾರಿಗಳಿಗೆ ಎಚ್ಚರಿಕೆಯ ಯಂತ್ರ ಬಂದಿತು. ಲಾರಿಯು ಎಡಕ್ಕೆ ಜಾರಿದರೆ ಎಡಗಡೆಯ ಧ್ವನಿವರ್ಧಕದಿಂದ, ಬಲಕ್ಕೆ ಜಾರಿದರೆ ಬಲಗಡೆಯದರಿಂದ, ಒರಟು ಪಟ್ಟಿಯ ಮೇಲೆ ಚಕ್ರ ಹಾಯ್ದಂಥ ಸದ್ದು ಹೊರಡುತ್ತಿತ್ತು. 2005ರ ಸುಮಾರಿಗೆ ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯವರು ಕ್ಯಾಮರಾವನ್ನೇ ಬಿಟ್ಟು, ಮುಂದಿನ ಬಂಪರಿನ ಅಡಿಯಲ್ಲಿ ಅತಿರಕ್ತ ಕಿರಣಗಳ ಕಣ್ಣುಗಳನ್ನಿಟ್ಟರು. ಕಾರು ಗೆರೆಯ ಮೇಲೆ ಬಂದಾಗ ಅವು ಅದನ್ನು ಅರಿತು ಆ ಮಗ್ಗುಲಿನ ಆಸನವನ್ನು ನಡುಗಿಸುತ್ತಿದ್ದವು. ಅಗ್ಗದ, ಸರಳವಾದ ವಿಧಾನವೇ ಸರಿ. ಆದರೆ ಕಾಲಬುಡವನ್ನಷ್ಟೇ ನೋಡುವವನು ಮುಂದಾಗುವುದನ್ನು ಹೇಳಲಾರ. ಕ್ಯಾಮರಾವೇ ಗೆದ್ದಿತು. ನಮ್ಮಲ್ಲಿ 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700ರಂಥ ಕಾರುಗಳ ಮೂಲಕ ಇದು ಸಾಮಾನ್ಯ ಗ್ರಾಹಕನವರೆಗೂ ಬಂದಿದೆ.

ಪ್ರಯೋಜನವಿದೆಯೇ ಎಂದು ಕೇಳುವುದು ನ್ಯಾಯ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪಥ ತಪ್ಪುವುದರಿಂದ ಆಗುವ ಬಗೆಯ ಅಪಘಾತಗಳು ಈ ಯಂತ್ರವಿದ್ದ ಕಾರುಗಳಲ್ಲಿ ನೂರಕ್ಕೆ 11ರಷ್ಟು ಕಡಿಮೆ. ಗಾಯಗಳಾಗುವಂಥವು ನೂರಕ್ಕೆ 21ರಷ್ಟು ಕಡಿಮೆ. ಇದು ಅಮೆರಿಕದ ರಸ್ತೆಗಳ ಲೆಕ್ಕ. ಅದೇ ಸಂಸ್ಥೆಯು ರಿಪೇರಿಗೆ ಬಂದ ಕಾರುಗಳನ್ನು ಪರೀಕ್ಷಿಸಿದಾಗ, ಪಥ ಕಾಯುವ ಯಂತ್ರಗಳನ್ನು ಸುಮಾರು ಅರ್ಧದಷ್ಟು ಮಂದಿ ಆರಿಸಿಟ್ಟಿದ್ದುದು ಕಂಡುಬಂದಿತು. ಪದೇಪದೇ ಕೂಗುವ ಕಾವಲುಗಾರನ ಮಾತನ್ನು ಮನೆಯವರು ಕೇಳುವುದಿಲ್ಲವೆಂಬುದು ಎಲ್ಲ ದೇಶಗಳಿಗೂ ಸಲ್ಲುವ ಮಾತು.

ಈಗ ಅಂಥ ಒಂದು ಕಾರಿನಲ್ಲಿ ಕುಳಿತು ನಮ್ಮ ಮಲೆನಾಡಿನ ದಾರಿಗೆ ಬರೋಣ. ಮಂಗಳೂರಿನಿಂದ ಶಿವಮೊಗ್ಗಕ್ಕೆ ಸಾಗುವ 169ನೆಯ ರಾಷ್ಟ್ರೀಯ ಹೆದ್ದಾರಿಯು ಕಾರ್ಕಳದ ಕಡೆಯಿಂದ ಘಟ್ಟವನ್ನೇರಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನ ನಡುವೆ ಕೆರೆಕಟ್ಟೆಯನ್ನು ದಾಟಿ ಶೃಂಗೇರಿಗೆ ಬರುತ್ತದೆ. ಇದು ತುಂಗೆಯ ಸೀಮೆ. ಕೊಪ್ಪವೂ ಅದೇ ಸೀಮೆಯದು. ಅಲ್ಲಿಂದ ಪೂರ್ವಕ್ಕೆ ತಿರುಗಿ ನರಸಿಂಹರಾಜಪುರಕ್ಕೆ ಹೋಗುವವನು ತನಗರಿವಿಲ್ಲದೆಯೇ ತುಂಗೆಯ ನೀರಿನ ಸೀಮೆಯಿಂದ ಭದ್ರೆಯ ಸೀಮೆಗೆ ದಾಟುತ್ತಾನೆ. ಪೂರ್ವಕ್ಕೆ ಸರಿದಂತೆ ಮಳೆಯ ಅಬ್ಬರವೂ ತಗ್ಗುತ್ತದೆ. ಎಲ್ಲಕ್ಕೂ ಮಿಗಿಲಾದ ಮಳೆಯನ್ನು ನೋಡಬೇಕೆಂದರೆ ನೆರೆಯ ಆಗುಂಬೆಯಿದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು.

ಆಷಾಢದ ಮಳೆಯ ರಾತ್ರಿಯಲ್ಲಿ ಬಿಳಿಯ ಗೆರೆಗೆ ಏನಾಗುತ್ತದೆಂದು ನೋಡಿ. ಗೆರೆಯ ಬಣ್ಣದಲ್ಲಿ ಸಣ್ಣ ಗಾಜಿನ ಮಣಿಗಳನ್ನು ಬೆರೆಸಿರುತ್ತಾರೆ. ದೀಪದ ಬೆಳಕು ಮಣಿಯೊಳಗೆ ಹೊಕ್ಕು, ಅದರ ಬೆನ್ನಿನಿಂದ ಮರಳಿ, ಬಂದ ದಿಕ್ಕಿಗೇ ಹೊರಡುತ್ತದೆ. ಹೀಗಾಗಿ ಗೆರೆಯು ಹೊಳೆಯುತ್ತದೆ. ಮಣಿಗಳ ಮೇಲೆ ನೀರಿನ ತೆಳುಪೊರೆ ಹರಡಿದರೆ ಬೆಳಕು ಬಾಗುವ ಲೆಕ್ಕವೇ ಕೆಟ್ಟುಹೋಗುತ್ತದೆ. ಮಣಿಗಳು ಬೆಳಕನ್ನು ಹಿಂದಿರುಗಿಸುವುದಿಲ್ಲ. ನೀರಿನ ಪೊರೆಯು ಕನ್ನಡಿಯಾಗಿ ಅದನ್ನು ಮುಂದಕ್ಕೆ ಎರಚಿಬಿಡುತ್ತದೆ. ಅದೇ ಕನ್ನಡಿಯು ಎದುರಿನಿಂದ ಬರುವ ಬಸ್ಸಿನ ದೀಪವನ್ನು ಉದ್ದವಾದ ಬೆಳ್ಳಿಯ ಪಟ್ಟಿಯನ್ನಾಗಿ ಮಾಡಿ ನಮ್ಮ ಕಡೆಗೆ ಚಾಚುತ್ತದೆ. ನಿಜವಾದ ಗೆರೆ ಕಪ್ಪಾಯಿತು, ಇಲ್ಲದ ಗೆರೆ ಬೆಳ್ಳಗಾಯಿತು! ಮತ ಎಣಿಸುವ ನಮ್ಮ ಗಣಕವು ಯಾರನ್ನು ಗೆಲ್ಲಿಸಬೇಕು? ಇದರ ಮೇಲೆ ದರೆಯಿಂದ ಕೊಚ್ಚಿಬಂದ ಕೆಂಪು ಮಣ್ಣು ಅಂಚಿನ ಗೆರೆಯನ್ನು ಮುಚ್ಚಿರುತ್ತದೆ.

ಮಳೆ ನಿಂತರೆ ಮಂಜು. ಮಂಜಿನಲ್ಲಿ ವಸ್ತುವಿನ ಮತ್ತು ಹಿನ್ನೆಲೆಯ ನಡುವಣ ಹೊಳಪಿನ ಭೇದವು ದೂರದೊಡನೆ ಚಕ್ರಬಡ್ಡಿಯ ಲೆಕ್ಕದಲ್ಲಿ ಕುಗ್ಗುತ್ತದೆಂದು 1924ರಲ್ಲಿ ಕೋಶ್ಮೀಡರ್ ಎಂಬ ವಿಜ್ಞಾನಿ ತೋರಿಸಿದನು. ಭೇದವು ನೂರಕ್ಕೆ ಐದಕ್ಕೆ ಇಳಿಯುವ ದೂರವನ್ನು ದೃಷ್ಟಿದೂರವೆಂದು ಎಣಿಸುತ್ತಾರೆ. ದೃಷ್ಟಿದೂರವು 60 ಮೀಟರ್ ಇರುವ ಮಂಜಿನಲ್ಲಿ, 20 ಮೀಟರ್ ಆಚೆಯ ಗೆರೆಯ ಭೇದವು ಮೂಲದ ನೂರಕ್ಕೆ 37ರಷ್ಟು, 40 ಮೀಟರ್ ಆಚೆಯದು ನೂರಕ್ಕೆ 14ರಷ್ಟು ಮಾತ್ರ ಉಳಿಯುತ್ತದೆ. ದೂರದ ಗೆರೆ ಮೊದಲೇ ಎರಡೂವರೆ ಬಿಂದುಗಳಿಗೆ ಇಳಿದಿತ್ತೆಂಬುದನ್ನು ಜ್ಞಾಪಿಸಿಕೊಂಡರೆ, ಯಂತ್ರವು ಎಷ್ಟು ಬಡ ಸಾಕ್ಷ್ಯದ ಮೇಲೆ ತೀರ್ಪು ಹೇಳಬೇಕಾಗಿದೆಯೆಂಬುದು ತಿಳಿಯುತ್ತದೆ.

ಬೇಸಗೆಯಲ್ಲಾದರೂ ಸುಖವೇ? ಮಳೆಯಿಲ್ಲ, ಮಂಜಿಲ್ಲ, ಆದರೆ ಮರಗಳಿವೆ. ಕೊಂಬೆಗಳ ಸಂದಿನಿಂದ ಇಳಿದ ಬಿಸಿಲು ಡಾಂಬರಿನ ಮೇಲೆ ಬಿಳಿ ತೇಪೆಗಳನ್ನು ಹಾಸಿರುತ್ತದೆ. ಪ್ರತಿಯೊಂದು ತೇಪೆಗೂ ಅಂಚುಂಟು, ಪ್ರತಿಯೊಂದು ಅಂಚಿಗೂ ಮತವುಂಟು. ಮನುಷ್ಯನ ಕಣ್ಣಿಗೆ ಇದು ಬರಿಯ ನೆರಳು-ಬೆಳಕು. ಯಂತ್ರಕ್ಕೆ ಸಾವಿರ ಸುಳ್ಳುಸಾಕ್ಷಿಗಳು.

ಇದಕ್ಕಿಂತ ಮುಖ್ಯವಾದುದು ರಸ್ತೆಯ ಅಗಲ. ಇಂಡಿಯನ್ ರೋಡ್ಸ್ ಕಾಂಗ್ರೆಸಿನ ಮಾನದಂಡದಂತೆ ಎರಡು ಪಥಗಳ ಡಾಂಬರು 7 ಮೀಟರ್, ಮಧ್ಯಮ ವರ್ಗದ್ದು 5.5 ಮೀಟರ್, ಒಂಟಿಪಥದ್ದು 3.75 ಮೀಟರ್. ಐದೂವರೆ ಮೀಟರಿನ ರಸ್ತೆಯಲ್ಲಿ ನಮ್ಮ ಕಾರಿನ ಎರಡೂ ಬದಿಗೆ ಉಳಿಯುವ ಎಡೆ 47 ಸೆಂಟಿಮೀಟರ್. ಎರಡು ಡಿಗ್ರಿಯ ಜಾರಿಕೆಗೆ 0.8 ಸೆಕೆಂಡು. ಯಂತ್ರವು ಕೂಗುವುದಕ್ಕೂ ಚಾಲಕನು ತಿರುಗಿಸುವುದಕ್ಕೂ ಅಷ್ಟು ಸಾಲದು. ಅದೇ ರಸ್ತೆಯಲ್ಲಿ 2.6 ಮೀಟರ್ ಅಗಲದ ಎರಡು ಬಸ್ಸುಗಳು ಎದುರಾದರೆ ಎಲ್ಲ ಸೇರಿ 30 ಸೆಂಟಿಮೀಟರ್ ಮಿಗುತ್ತದೆ. ಊರೊಳಗಿನ ಒಂಟಿಪಥದ ರಸ್ತೆಯಲ್ಲಂತೂ ಬಸ್ಸಿಗೆ ದಾರಿ ಬಿಡಬೇಕಾದರೆ ಎಡಚಕ್ರಗಳನ್ನು ಮಣ್ಣಿಗೆ ಇಳಿಸಲೇಬೇಕು. ಇಲ್ಲಿ ಪಥಚ್ಯುತಿ ತಪ್ಪಲ್ಲ, ಮರ್ಯಾದೆ! ಹಾಗೆ ಇಳಿಯುವ ಮುನ್ನ ಮಣ್ಣು ಗಟ್ಟಿಯಿದೆಯೇ, ಅದರಾಚೆ ಚರಂಡಿ ಎಷ್ಟು ಆಳ, ಹುಲ್ಲಿನಡಿ ಕಲ್ಲಿದೆಯೇ ಎಂಬುದನ್ನು ನಮ್ಮ ಚಾಲಕರು ಒಂದು ನೋಟದಲ್ಲಿ ಅಳೆಯುತ್ತಾರೆ. ಗೆರೆ ಕಾಯುವ ಕಣ್ಣಿಗೆ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಅಂದಹಾಗೆ, ಒಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಟ್ರಾಮ್ ಹಳಿಯಿತ್ತು. ಪಥ ತಪ್ಪುವ ಚಿಂತೆಯಿಲ್ಲದೆ ಈ ಸೀಮೆಯಲ್ಲಿ ಓಡಿದ ವಾಹನ ಬಹುಶಃ ಅದೊಂದೇ.

ಇನ್ನು ತಿರುವುಗಳು. ಗುಡ್ಡಗಾಡಿನ ಹೇರ್‌ಪಿನ್ ತಿರುವಿನ ತ್ರಿಜ್ಯವು 15 ಮೀಟರ್ ಎಂದಿಟ್ಟುಕೊಳ್ಳಿ. ಕ್ಯಾಮರಾವು ನೇರ ಮುಂದಿನಿಂದ ಎಡಕ್ಕೆ 25 ಡಿಗ್ರಿ, ಬಲಕ್ಕೆ 25 ಡಿಗ್ರಿ ನೋಡಬಲ್ಲುದಾದರೆ, ಹನ್ನೆರಡು ಮೀಟರ್ ಮುಂದೆ ಹೋಗುವಷ್ಟರಲ್ಲಿ ರಸ್ತೆಯು ಆರು ಮೀಟರ್ ಪಕ್ಕಕ್ಕೆ ಬಾಗಿ ಚಿತ್ರದ ಚೌಕಟ್ಟಿನಿಂದ ಹೊರಗೆ ಹೋಗಿರುತ್ತದೆ. ನಾವಾದರೆ ಕತ್ತು ತಿರುಗಿಸುತ್ತೇವೆ. ಗಾಜಿಗೆ ಅಂಟಿದ ಕ್ಯಾಮರಾ ಏನು ಮಾಡೀತು? ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅದರ ಎದುರಿಗೆ ಇರುವುದು ಬಹುಪಾಲು ದರೆ ಅಥವಾ ಆಕಾಶ.

ಇದಾವುದೂ ಯಂತ್ರದ ಮೇಲಿನ ದೂರಲ್ಲ. ಎಷ್ಟೋ ವೇಳೆ ಅದು ತನಗೆ ಕಾಣದಿರುವುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ಚಾಲಕನ ಎದುರಿನ ಫಲಕದಲ್ಲಿ ಎರಡು ಗೆರೆಗಳ ಒಂದು ಪುಟ್ಟ ಚಿಹ್ನೆಯಿರುತ್ತದೆ. ಗೆರೆಗಳು ಕಂಡಾಗ ಹಲವು ಕಾರುಗಳಲ್ಲಿ ಅದು ಹಸಿರಾಗುತ್ತದೆ; ಕಾಣದಾಗ ಬೂದು ಬಣ್ಣಕ್ಕೆ ತಿರುಗುತ್ತದೆ ಅಥವಾ ಆರುತ್ತದೆ. ಆದರೆ ಆ ಒಪ್ಪಿಗೆಗೆ ಸದ್ದಿಲ್ಲ. ಅಪಾಯವಿರುವುದು ಇಲ್ಲಿಯೇ. ಯಂತ್ರದ ಮೌನಕ್ಕೆ ಎರಡು ಅರ್ಥಗಳಿವೆ: ‘ಕಾರು ಸರಿಯಾದ ದಾರಿಯಲ್ಲಿದೆ’ ಎಂಬುದು ಒಂದು, ‘ನನಗೇನೂ ಕಾಣುತ್ತಿಲ್ಲ’ ಎಂಬುದು ಇನ್ನೊಂದು. ಬೆಂಗಳೂರಿನ ಕಡೆಯ ಹೆದ್ದಾರಿಯಲ್ಲಿ ಐದು ಗಂಟೆಗಳ ಕಾಲ ಮೊದಲನೆಯ ಮೌನಕ್ಕೆ ಒಗ್ಗಿಹೋದ ಚಾಲಕನು ಮಲೆನಾಡಿನ ಎರಡನೆಯ ಮೌನವನ್ನೂ ಅದೇ ಎಂದು ಭಾವಿಸುತ್ತಾನೆ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ತೂಕಡಿಸುವವನ ವಿಷಯದಲ್ಲಿಯಂತೂ ಗೆರೆಗಳು ಎಷ್ಟೇ ಚೊಕ್ಕವಾಗಿದ್ದರೂ ಯಂತ್ರವು ಮಾತನಾಡದು. ಅದು ಏಳುವ ವೇಗವೇ ಬೇರೆ. ಶೃಂಗೇರಿಯಿಂದ ನಸುಕಿನಲ್ಲಿ ಹೊರಟ ನಮ್ಮ ಚಾಲಕನನ್ನು ಎಚ್ಚರಿಸಬೇಕಾದವರು ಹಿಂದಿನ ಸೀಟಿನವರೇ.

ಗೆರೆಯಿಲ್ಲದ ರಸ್ತೆಯನ್ನು ಯಂತ್ರಕ್ಕೆ ಕಲಿಸಲಾಗದೇ ಎಂದು ನೀವು ಕೇಳಬಹುದು. ಆ ಪ್ರಯತ್ನವು ನಮ್ಮ ಕಡೆಯೇ ನಡೆದಿದೆ. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು ಇಂಟೆಲ್ ಕಂಪೆನಿಯೊಡನೆ ಸೇರಿ, ಹೈದರಾಬಾದ್ ಮತ್ತು ಬೆಂಗಳೂರು ನಗರಗಳಲ್ಲೂ ಅವುಗಳ ಹೊರವಲಯದಲ್ಲೂ ಕಾರು ಓಡಿಸಿ ತೆಗೆದ ಹತ್ತು ಸಾವಿರ ಚಿತ್ರಗಳ ಸಂಗ್ರಹವೊಂದನ್ನು 2018ರಲ್ಲಿ ಹೊರತಂದರು. ಪ್ರತಿಯೊಂದು ಚಿತ್ರದಲ್ಲೂ ಇದು ರಸ್ತೆ, ಇದು ಗೋಡೆ, ಇದು ಆಟೋರಿಕ್ಷಾ, ಇದು ಪ್ರಾಣಿ ಎಂದು ಮನುಷ್ಯರು ಕೈಯಾರೆ ಗುರುತು ಮಾಡಿದ್ದಾರೆ. ಒಟ್ಟು 34 ವರ್ಗಗಳು. ಯುರೋಪಿನ ಸಂಗ್ರಹಗಳಿಗೆ ಬೇಕೆನಿಸದ ಒಂದು ವರ್ಗ ಇದರಲ್ಲಿದೆ: ರಸ್ತೆಯಲ್ಲ, ಆದರೆ ಬೇಕೆಂದರೆ ವಾಹನ ಇಳಿಸಬಹುದಾದ ನೆಲ. ನಮ್ಮ ಬಸ್ಸಿಗೆ ದಾರಿ ಬಿಡುವ ಮಣ್ಣಿನ ಅಂಚಿಗೆ ವಿಜ್ಞಾನದಲ್ಲಿ ಹೀಗೆ ಒಂದು ಹೆಸರು ದೊರೆಯಿತು! ಇಂಥ ಸಾವಿರಾರು ಉದಾಹರಣೆಗಳಿಂದ ಕಲಿತ ಗಣಕವು ಬಣ್ಣದ ಗೆರೆಯೊಂದನ್ನೇ ನೆಚ್ಚದೆ, ಡಾಂಬರಿನ ಮೈ, ಹುಲ್ಲಿನ ಅಂಚು, ಚಕ್ರಗಳ ಜಾಡು ಇವುಗಳಿಂದಲೂ ರಸ್ತೆಯನ್ನು ಗುರುತಿಸಬಲ್ಲುದು. ಆದರೆ ಅದು ಕಂಡ ಮಳೆ ಬೆಂಗಳೂರಿನ ಮಳೆ. ಆಷಾಢದ ಶೃಂಗೇರಿಯನ್ನು ತಿಳಿಯಬೇಕಾದರೆ ಯಾರಾದರೂ ಕ್ಯಾಮರಾ ಹೊತ್ತು ಇಲ್ಲಿಗೆ ಬರಬೇಕು. ಇಂಜಿನಿಯರಿಂಗ್ ಓದಲಿರುವ ನಮ್ಮ ಸೀಮೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದೆಂದು ನನಗೆ ತೋರುವುದಿಲ್ಲ.

ಯುರೋಪಿನಲ್ಲಿ 2015ರ ನವೆಂಬರಿನಿಂದ ಹೊಸ ಲಾರಿ-ಬಸ್ಸುಗಳಿಗೆ ಈ ಸೂಚಕ ಕಡ್ಡಾಯವಾಯಿತು. ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ ದೊಡ್ಡ ಪ್ರಯಾಣಿಕ ವಾಹನಗಳಿಗೂ ಲಾರಿಗಳಿಗೂ ಇದನ್ನು ವಿಧಿಸುವ ಕರಡು ನಿಯಮವನ್ನು 2025ರಲ್ಲಿ ಪ್ರಕಟಿಸಿತು. ಯಂತ್ರವನ್ನು ಕಾರ್ಖಾನೆಯಲ್ಲಿ ಕೂರಿಸಬಹುದು. ಅದಕ್ಕೆ ಬೇಕಾದ ಗೆರೆಯನ್ನು ಮಾತ್ರ ರಸ್ತೆಯ ಮೇಲೆಯೇ ಎಳೆಯಬೇಕು, ಮಳೆಗಾಲ ಕಳೆದ ಮೇಲೆ ಮತ್ತೆ ಎಳೆಯಬೇಕು. ಡಾರ್ ಬೇಡಿದ ಅಂಚಿನ ಗೆರೆಯೂ ಷಾ ಹುಗಿದ ಬೆಕ್ಕಿನ ಕಣ್ಣುಗಳೂ ಯಂತ್ರವಿಲ್ಲದ ಹಳೆಯ ಜೀಪಿನವನಿಗೂ ಅಷ್ಟೇ ಉಪಕಾರಿಗಳೆಂಬುದು ಈ ಖರ್ಚಿನ ಪರವಾಗಿ ಹೇಳಬಹುದಾದ ಮಾತು.

ಓದುಗರು ಒಂದು ಪ್ರಯೋಗವನ್ನು ತಾವೇ ಮಾಡಬಹುದು, ಕ್ಯಾಮರಾ ಬೇಕಿಲ್ಲ. ಕೊಪ್ಪದಿಂದ ನರಸಿಂಹರಾಜಪುರಕ್ಕೋ ಶೃಂಗೇರಿಗೋ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯಿರಿ. ನಿಮಿಷಕ್ಕೊಮ್ಮೆ ಮುಂದಿನ ರಸ್ತೆಯನ್ನು ನೋಡಿ, ನೋಟುಪುಸ್ತಕದಲ್ಲಿ ಒಂದು ಗುರುತು ಹಾಕಿ: ಎರಡೂ ಗೆರೆಗಳು ಕಂಡರೆ ಎರಡು ಕಡ್ಡಿ, ಒಂದು ಕಂಡರೆ ಒಂದು ಕಡ್ಡಿ, ಯಾವುದೂ ಕಾಣದಿದ್ದರೆ ಸೊನ್ನೆ. ಸೊನ್ನೆ ಹಾಕಿದ ಕಡೆ ಅದರ ಕಾರಣವನ್ನು ಒಂದು ಅಕ್ಷರದಲ್ಲಿ ಬರೆಯಿರಿ: ನೀರಿಗೆ ‘ನೀ’, ಮಣ್ಣಿಗೆ ‘ಮ’, ತಿರುವಿಗೆ ‘ತಿ’, ಗೆರೆಯೇ ಇಲ್ಲದಿದ್ದರೆ ‘ಇ’. ಜುಲೈ ತಿಂಗಳಿನಲ್ಲಿ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ ಇದನ್ನು ಮಾಡಿ, ಎರಡು ಪುಟಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ.